ಬೇಲಿಯ ಪಾಪಾಸುಕಳ್ಳಿಗಳೆಲ್ಲ ಒಂದೇ ಜಾತಿಯೇ? ಹೂವು, ಮುಳ್ಳು, ಮೈಕಟ್ಟು ನೋಡಿ ಗುರುತಿಸುವ ಬಗೆ

ಬಯಲುಸೀಮೆ:

ಎಲ್ಲರಿಗೂ ನಮಸ್ಕಾರ. ಹಿರಿಯೂರು ಕಡೆಯ ನಮ್ಮ ಹೊಲದ ಬದುವಿನಲ್ಲಿ ಅಜ್ಜನ ಕಾಲದಿಂದಲೂ ಪಾಪಾಸುಕಳ್ಳಿಯ ಬೇಲಿ ಇದೆ. ಊರಿನವರೆಲ್ಲ ಅದನ್ನು ಒಂದೇ ಗಿಡವೆಂದು ಎಣಿಸುತ್ತಾರೆ. ಆದರೆ ಈ ಬೇಸಿಗೆಯಲ್ಲಿ ಹೂವು ಬಿಟ್ಟಾಗ ನೋಡಿದರೆ ಬೇಲಿಯ ಒಂದು ತುದಿಯ ಹೂಗಳು ನಿಂಬೆಹಳದಿ ಬಣ್ಣದವು, ಇನ್ನೊಂದು ತುದಿಯವು ಇಟ್ಟಿಗೆಗೆಂಪು ಬೆರೆತ ಕಿತ್ತಳೆ. ಗಿಡಗಳ ಎತ್ತರವಾಗಲಿ ಹರವಾಗಲಿ ದೂರದಿಂದ ನೋಡುವವರಿಗೆ ಬೇರೆಯೆನಿಸುವುದಿಲ್ಲ. ಹಳದಿ ಹೂವೇ ಬಾಡುತ್ತಾ ಕಿತ್ತಳೆಯಾಗುತ್ತದೆ ಎಂದು ಕೆಲವರು ಹೇಳುತ್ತಾರೆ. ಹಾಗಾದರೆ ಒಂದು ತುದಿಯಲ್ಲಿ ಮಾತ್ರ ಆ ಬಣ್ಣ ಏಕೆ ಎಂಬುದಕ್ಕೆ ಅವರ ಬಳಿ ಉತ್ತರವಿಲ್ಲ. ಇವು ಎರಡು ಜಾತಿಗಳೇ, ಅಥವಾ ಒಂದೇ ಜಾತಿಯಲ್ಲಿ ಕಾಣುವ ಬಣ್ಣದ ವ್ಯತ್ಯಾಸವೇ?

ಇನ್ನೊಂದು ವಿಷಯ. ಬೇಲಿಯ ಗಿಡಗಳ ಮೇಲೆ ಅಲ್ಲಲ್ಲಿ ಹತ್ತಿಯಂಥ ಬಿಳಿ ಅಂಟು ಕಾಣಿಸಿಕೊಂಡಿದೆ. ಕಡ್ಡಿಯಿಂದ ಒತ್ತಿದರೆ ಕಡುಗೆಂಪು ರಸ ಬರುತ್ತದೆ. ಇದಕ್ಕೂ ಜಾತಿಗೂ ಸಂಬಂಧವಿದೆಯೇ ಎಂಬುದನ್ನೂ ತಿಳಿದವರು ದಯವಿಟ್ಟು ಬರೆಯಬೇಕು.

ಸಸ್ಯಪಾಠ:

ಬಯಲುಸೀಮೆಯವರೇ, ಬೇಲಿಯ ಎರಡು ತುದಿಗಳನ್ನು ಹೋಲಿಸಿ ನೋಡಿರುವುದು ಒಳ್ಳೆಯದಾಯಿತು. ಕರ್ನಾಟಕದ ಬಯಲುನಾಡಿನಲ್ಲಿ ಪಾಪಾಸುಕಳ್ಳಿ ಅಥವಾ ಡಬ್ಬಗಳ್ಳಿ ಎಂಬ ಹೆಸರಿನ ಕೆಳಗೆ ಒಪನ್ಷಿಯಾ ಕುಲದ ಒಂದಕ್ಕಿಂತ ಹೆಚ್ಚು ಜಾತಿಗಳು ಬೆಳೆಯುತ್ತಿವೆ. ಇವು ಯಾವುವೂ ಈ ನೆಲದ ಮೂಲದವಲ್ಲ. ಎಲ್ಲವೂ ಅಮೆರಿಕ ಖಂಡಗಳಿಂದ ಬಂದು ಇಲ್ಲಿ ನೆಲೆನಿಂತವು. ನಿಮ್ಮಲ್ಲಿರುವುದು ಡಿಲ್ಲೆನಿಯೈ ಮತ್ತು ಎಲೇಷಿಯರ್ ಎಂಬ ಎರಡು ಜಾತಿಗಳಿರಬಹುದು ಎಂಬುದು ನನ್ನ ಊಹೆ. ಆದರೆ ಎಸಳಿನ ಬಣ್ಣ ಒಂದನ್ನೇ ಹಿಡಿದು ಅದನ್ನು ಖಚಿತವಾಗಿ ಹೇಳಲಾಗದು.

ಕಾರಣ ಇಷ್ಟೇ. ಒಪನ್ಷಿಯಾದ ಹೂವು ಬೆಳಿಗ್ಗೆ ಅರಳಿ ಸಾಮಾನ್ಯವಾಗಿ ಸಂಜೆಯೊಳಗೆ ಮುದುಡುತ್ತದೆ, ಮತ್ತು ಮುದುಡುವ ಹೊತ್ತಿಗೆ ಹಳದಿ ಎಸಳುಗಳಿಗೆ ಕಿತ್ತಳೆಯದೋ ನಸುಗೆಂಪಿನದೋ ಛಾಯೆ ಬರುವುದು ನಿಜ. ನಿಮ್ಮ ಊರಿನವರು ಹೇಳಿದ್ದರಲ್ಲಿ ಅಷ್ಟರಮಟ್ಟಿಗೆ ಸತ್ಯವಿದೆ. ಆದ್ದರಿಂದ ಮಧ್ಯಾಹ್ನದ ಮೇಲೆ ತೆಗೆದ ಫೋಟೊ ನೋಡಿ ಹೆಸರು ಹೇಳುವುದು ಅಪಾಯಕರ. ಬೆಳಿಗ್ಗೆ, ಹೂವು ಪೂರ್ತಿಯಾಗಿ ಬಿಚ್ಚಿಕೊಂಡ ಹೊತ್ತಿನಲ್ಲಿ, ಎರಡೂ ತುದಿಗಳಿಗೆ ಹೋಗಿ ಎಸಳುಗಳನ್ನು ಬಿಟ್ಟು ಹೂವಿನ ಒಳಗನ್ನು ನೋಡಿ. ನಡುವೆ ನೂರಾರು ಕೇಸರಗಳು ಕಿಕ್ಕಿರಿದಿರುತ್ತವೆ. ಅವುಗಳ ತುದಿಯ ಪರಾಗಕೋಶವಲ್ಲ, ಅದನ್ನು ಹೊತ್ತಿರುವ ದಂಡದ ಬಣ್ಣ ಮುಖ್ಯ. ಡಿಲ್ಲೆನಿಯೈಯಲ್ಲಿ ಕೇಸರದಂಡ ಹಳದಿ. ಎಲೇಷಿಯರ್‌ನಲ್ಲಿ ಗುಲಾಬಿಯಿಂದ ಕೆಂಪು. ಕೇಸರಗಳ ನಡುವಿನಿಂದ ಮೇಲೆದ್ದಿರುವ ದಪ್ಪ ಶಲಾಕೆಯ ತುದಿ ಹಲವು ಹಾಲೆಗಳಾಗಿ ಸೀಳಿರುತ್ತದೆ. ಆ ಶಲಾಕಾಗ್ರ ಡಿಲ್ಲೆನಿಯೈಯಲ್ಲಿ ಬಿಳಿಗೆ ಹತ್ತಿರದ ಕೆನೆ ಬಣ್ಣ, ಎಲೇಷಿಯರ್‌ನಲ್ಲಿ ಸ್ಪಷ್ಟ ಹಸಿರು. ಎಸಳು ಬಣ್ಣ ಬದಲಿಸಿ ಮೋಸ ಮಾಡಿದರೂ ಆಗತಾನೇ ಅರಳಿದ ಹೂವಿನ ಈ ಎರಡು ಭಾಗಗಳು ಮೋಸ ಮಾಡುವುದು ಅಪರೂಪ.

ನೋಡುವಾಗ ಹುಲ್ಲುಕಡ್ಡಿಯಿಂದ ಕೇಸರಗಳನ್ನು ಮೆಲ್ಲಗೆ ಸವರಿ. ಅವು ಒಟ್ಟಾಗಿ ಶಲಾಕೆಯ ಕಡೆಗೆ ಬಾಗುವುದನ್ನು ಬರಿಗಣ್ಣಿನಿಂದಲೇ ಕಾಣಬಹುದು. ಜೇನುನೊಣ ಒಳಗೆ ಇಳಿದಾಗ ನಡೆಯುವುದೂ ಇದೇ. ಇದು ಎರಡೂ ಜಾತಿಗಳಲ್ಲಿ ಇರುವುದರಿಂದ ಗುರುತಿಗೆ ಉಪಯೋಗವಿಲ್ಲ. ಆದರೂ ಹೂವಿನ ಮುಂದೆ ಕುಳಿತವರು ಇದನ್ನು ನೋಡದೆ ಏಳಬಾರದು ಎಂದು ನನ್ನ ಆಸೆ.

ಇನ್ನು ಮುಳ್ಳು. ನಾವು ಎಲೆಯೆಂದು ಕರೆಯುವ ಚಪ್ಪಟೆ ಭಾಗ ನಿಜವಾಗಿ ಕಾಂಡ. ಇಲ್ಲಿ ಅದನ್ನು ಪ್ಯಾಡ್ ಎನ್ನೋಣ. ನಿಜವಾದ ಎಲೆಗಳು ಎಳೆಯ ಪ್ಯಾಡಿನ ಮೇಲೆ ಪುಟ್ಟ ಮೊನೆಗಳಂತೆ ಹುಟ್ಟಿ ಬೇಗನೆ ಉದುರಿಹೋಗುತ್ತವೆ. ಮುಳ್ಳು ಹುಟ್ಟುವ ಪುಟ್ಟ ಚುಕ್ಕೆಯನ್ನು ಕಣ್ಣು ಎನ್ನೋಣ. ಪ್ಯಾಡಿನ ಮೇಲಿರುವ ಪ್ರತಿಯೊಂದು ಕಣ್ಣಿನಿಂದಲೂ ದೊಡ್ಡ ಮುಳ್ಳುಗಳ ಜೊತೆಗೆ ಸುಂಕು, ಅಂದರೆ ಕೂದಲಿನಂಥ ಸಣ್ಣ ಮುಳ್ಳುಗಳು, ಹೊರಡುತ್ತದೆ. ಡಿಲ್ಲೆನಿಯೈಯ ಮುಳ್ಳು ಹಳದಿ, ಬುಡದಲ್ಲಿ ಚಪ್ಪಟೆ, ಸಾಮಾನ್ಯವಾಗಿ ಸ್ವಲ್ಪ ಬಾಗಿದ್ದು. ಎಲೇಷಿಯರ್‌ನ ಮುಳ್ಳು ಕಂದು, ದುಂಡಗೆ, ಸೂಜಿಯಂತೆ ನೆಟ್ಟಗೆ. ಒಂದು ಮುಳ್ಳನ್ನು ಇಕ್ಕಳದಿಂದ ಕಿತ್ತು ಹೆಬ್ಬೆರಳು ತೋರುಬೆರಳುಗಳ ನಡುವೆ ಹೊರಳಿಸಿ ನೋಡಿ. ದುಂಡಗಿನದು ಸಲೀಸಾಗಿ ಹೊರಳುತ್ತದೆ, ಚಪ್ಪಟೆಯದು ತಡೆದು ತಡೆದು ಮಗುಚುತ್ತದೆ. ಬಟ್ಟೆಯ ಕೈಗವಸು ಹಾಕಿಕೊಂಡು ಪ್ಯಾಡನ್ನು ಹಿಡಿಯಬೇಡಿ. ಸುಂಕು ಬಟ್ಟೆಯಲ್ಲಿ ಸೇರಿಕೊಂಡರೆ ಅದನ್ನು ಬಿಡಿಸುವುದು ಕಷ್ಟ.

ತಾರಸಿ ತೋಟ:

ಸಸ್ಯಪಾಠ ಸರ್ ಹೇಳಿದ್ದಕ್ಕೆ ಗಿಡ ಬೆಳೆಸುವವಳಾಗಿ ಒಂದು ಎಚ್ಚರಿಕೆಯನ್ನು ಸೇರಿಸುತ್ತೇನೆ. ಮುಳ್ಳನ್ನು ಯಾವ ಪ್ಯಾಡಿನಿಂದ ತೆಗೆಯುತ್ತೀರಿ ಎಂಬುದು ಬಹಳ ಮುಖ್ಯ. ಈ ವರ್ಷ ಹುಟ್ಟಿದ ಪ್ಯಾಡಿನಲ್ಲಿ ಮುಳ್ಳು ಇನ್ನೂ ಪೂರ್ತಿ ಬೆಳೆದಿರುವುದಿಲ್ಲ, ಬುಡದ ಹಳೆಯ ಪ್ಯಾಡುಗಳಲ್ಲಿ ಹಳದಿ ಮುಳ್ಳೂ ಬಿಸಿಲಿಗೆ ಮಾಸಿ ಬೂದುಕಂದಾಗಿರುತ್ತದೆ. ಬೇಲಿಯ ಬುಡ ನೋಡಿದವರು ಎಲ್ಲವನ್ನೂ ಕಂದು ಮುಳ್ಳಿನ ಗಿಡವೆಂದು ತೀರ್ಮಾನಿಸುವ ಸಾಧ್ಯತೆ ಇದೆ. ಹೋದ ವರ್ಷ ಬೆಳೆದು ಈ ವರ್ಷ ಹೂವು ಹೊತ್ತಿರುವ ಪ್ಯಾಡಿನಿಂದ ಮುಳ್ಳು ತೆಗೆದರೆ ಇಂಥ ಗೊಂದಲ ಬರುವುದಿಲ್ಲ.

ಧಾರವಾಡದ ನಮ್ಮ ತಾರಸಿಯ ಮೇಲೆ ಒಂದೇ ತಾಯಿಗಿಡದಿಂದ ತೆಗೆದ ತುಂಡುಗಳನ್ನು ಬಿಸಿಲಿನಲ್ಲೂ ನೆರಳಿನಲ್ಲೂ ಬೆಳೆಸಿದ್ದೇನೆ. ನೆರಳಿನದು ಸಣಕಲಾಗಿ, ತೆಳ್ಳಗಾಗಿ, ಮುಳ್ಳು ಕಡಿಮೆಯಾಗಿ ಬೇರೆಯದೇ ಜಾತಿಯಂತೆ ಕಾಣುತ್ತದೆ. ನರ್ಸರಿಗಳಲ್ಲಿ ಹಸಿರು ಬಲೆಯ ಕೆಳಗೆ ಬೆಳೆದ ಗಿಡಗಳ ಚಿತ್ರಗಳನ್ನು ಹೊಲದ ಗಿಡಕ್ಕೆ ಹೋಲಿಸಿ ಹೆಸರು ಹುಡುಕಬಾರದು ಎಂದು ನಾನು ಹೇಳುವುದು ಇದಕ್ಕಾಗಿ.

ಚದುರಗಳ್ಳಿ, ಎಲೆಗಳ್ಳಿ, ಬೊಂತೆಗಳ್ಳಿಗಳನ್ನು ಕೆಲವರು ಈ ಚರ್ಚೆಗೆ ತರುತ್ತಾರೆ. ಹೆಸರಿನಲ್ಲಿ ಕಳ್ಳಿ ಇದ್ದರೂ ಅವು ಯೂಫೋರ್ಬಿಯಾ ಕುಲದವು, ಕ್ಯಾಕ್ಟಸ್ ಅಲ್ಲ. ಗೀರಿದರೆ ಹಾಲು ಬರುತ್ತದೆ ಎಂಬುದು ಎಲ್ಲರಿಗೂ ಗೊತ್ತಿರುವ ಗುರುತು. ಆದರೆ ಕ್ಯಾಕ್ಟಸ್‌ಗಳಲ್ಲೇ ಮ್ಯಾಮಿಲೇರಿಯಾ ಕುಲದ ಕೆಲವು ಜಾತಿಗಳಿಗೂ ಹಾಲು ಇರುವುದರಿಂದ, ಮುಳ್ಳು ಹುಟ್ಟುವ ನಯವಾದ ಕೂದಲಿನ ಕಣ್ಣು ಇದೆಯೇ ಇಲ್ಲವೇ ಎಂದು ನೋಡುವುದು ಹೆಚ್ಚು ನಂಬಿಕೆಯ ದಾರಿ. ಆ ಕಣ್ಣು ಕ್ಯಾಕ್ಟಸ್ ಕುಟುಂಬಕ್ಕೆ ಮಾತ್ರ ಸೇರಿದ್ದು.

ಬಯಲುಸೀಮೆ:

ಸಸ್ಯಪಾಠ ಅವರಿಗೂ ತಾರಸಿ ತೋಟ ಅವರಿಗೂ ವಂದನೆಗಳು. ಬೆಳಿಗ್ಗೆ ಹತ್ತರ ಹೊತ್ತಿಗೆ ಎರಡೂ ತುದಿಗಳ ಹೂಗಳನ್ನು ನೋಡಿಬಂದೆ. ಮೂಡಣ ತುದಿಯಲ್ಲಿ ಎಸಳು ಅಚ್ಚ ಹಳದಿ, ಕೇಸರದಂಡ ಹಳದಿ, ಶಲಾಕಾಗ್ರ ಕೆನೆ ಬಣ್ಣದ ಐದು ದಪ್ಪ ಹಾಲೆಗಳು. ಮುಳ್ಳು ಹಳದಿಯಾಗಿದ್ದು ಅಡ್ಡಡ್ಡಲಾಗಿ ಕಂದು ಪಟ್ಟೆಗಳ ಮಾಸಲು ಗುರುತು ಇದೆ. ಬೆರಳ ನಡುವೆ ಹೊರಳಿಸಿದರೆ ಸರಾಗವಾಗಿ ತಿರುಗಲಿಲ್ಲ. ಪ್ಯಾಡಿನ ಮೇಲೆ ಬೂದಿ ಸವರಿದಂಥ ನೀಲಿಹಸಿರು ಲೇಪವಿದೆ.

ಪಡುವಣ ತುದಿಯಲ್ಲಿ, ಆಗತಾನೇ ಅರಳಿದ ಹೂವಿನಲ್ಲೇ ಎಸಳಿಗೆ ಕಿತ್ತಳೆ ಬಣ್ಣವಿದ್ದು ಹೊರ ಎಸಳುಗಳ ನಡುವೆ ಕೆಂಪು ಗೀರುಗಳಿವೆ. ಬಾಡುವುದಕ್ಕೂ ಈ ಬಣ್ಣಕ್ಕೂ ಸಂಬಂಧವಿಲ್ಲ ಎಂಬುದು ಅಲ್ಲಿಗೇ ತಿಳಿಯಿತು. ಕೇಸರದಂಡಗಳು ಗುಲಾಬಿ. ಅವುಗಳ ನಡುವೆ ಶಲಾಕಾಗ್ರದ ಹಸಿರು ಎಷ್ಟು ಎದ್ದು ಕಾಣುತ್ತದೆಂದರೆ ಇಷ್ಟು ವರ್ಷ ಆ ದಾರಿಯಲ್ಲಿ ಓಡಾಡಿದವರ ಕಣ್ಣಿಗೆ ಅದು ಹೇಗೆ ಬೀಳಲಿಲ್ಲವೋ ತಿಳಿಯದು. ಮುಳ್ಳು ಕಡುಕಂದು, ದುಂಡಗೆ, ಚೆನ್ನಾಗಿ ಹೊರಳುತ್ತದೆ. ಪ್ಯಾಡು ಬರಿಯ ಹಸಿರು, ಲೇಪವಿಲ್ಲ. ಕೇಸರಗಳು ಬಾಗುವುದನ್ನೂ ನೋಡಿದೆ. ಮನೆಯ ಮಕ್ಕಳನ್ನು ಕರೆದು ತೋರಿಸಿದೆ.

ಸಸ್ಯಪಾಠ:

ಬಹಳ ಸಂತೋಷ. ಇಷ್ಟು ವಿವರ ಇದ್ದಮೇಲೆ ಮೂಡಣ ತುದಿಯದು ಡಿಲ್ಲೆನಿಯೈ, ಪಡುವಣದ್ದು ಎಲೇಷಿಯರ್ ಎಂದು ಹೇಳಲು ಅಡ್ಡಿಯಿಲ್ಲ. ಡಿಲ್ಲೆನಿಯೈ ಕೆರೀಬಿಯನ್ ಮತ್ತು ಅದರ ಸುತ್ತಲಿನ ಕರಾವಳಿಗಳ ಗಿಡ. ಎಲೇಷಿಯರ್‌ನ ತವರು ಪನಾಮಾ, ಕೊಲಂಬಿಯಾ, ವೆನೆಜುವೆಲಾ ಕಡೆ. ಗುಜರಾತಿನಲ್ಲಿ ಫಿಂಡ್ಲಾ ಎಂಬ ಹೆಸರಿನಲ್ಲಿ ಹಣ್ಣಿನ ರಸ ಮಾರಾಟವಾಗುವುದು ಈ ಎಲೇಷಿಯರ್‌ನದೇ.

ಒಂದು ಮಾತನ್ನು ಮುಚ್ಚಿಡಬಾರದು. ಡಿಲ್ಲೆನಿಯೈಯನ್ನು ಪ್ರತ್ಯೇಕ ಜಾತಿಯೆಂದು ಒಪ್ಪದೆ, ಸ್ಟ್ರಿಕ್ಟಾ ಎಂಬ ಜಾತಿಯ ಒಂದು ಪ್ರಭೇದವೆಂದು ಎಣಿಸುವ ಸಸ್ಯಶಾಸ್ತ್ರಜ್ಞರೂ ಇದ್ದಾರೆ. ಸ್ಟ್ರಿಕ್ಟಾದಲ್ಲಿ ಮುಳ್ಳು ಇಲ್ಲವೇ ಇಲ್ಲ ಅಥವಾ ಬಹಳ ಕಡಿಮೆ. ಡಿಲ್ಲೆನಿಯೈಯಲ್ಲಿ ಬಹುತೇಕ ಕಣ್ಣುಗಳಿಂದ ಹಲವಾರು ಮುಳ್ಳು. ಹೂವಿನ ಒಳಗು ಎರಡರಲ್ಲೂ ಒಂದೇ ಬಗೆ. ನಡುನಡುವಿನ ರೂಪಗಳೂ ಸಿಗುವುದರಿಂದ ನನಗೆ ಪ್ರಭೇದವೆನ್ನುವ ಪಕ್ಷವೇ ಹೆಚ್ಚು ಸರಿಯೆನಿಸುತ್ತದೆ. ಹಳೆಯ ಪುಸ್ತಕಗಳಲ್ಲಿ ಒಂದು ಹೆಸರು, ಹೊಸದರಲ್ಲಿ ಇನ್ನೊಂದು ಹೆಸರು ಕಂಡರೆ ಗಾಬರಿಯಾಗಬೇಡಿ; ಗಿಡ ಅದೇ.

ಕ್ಯಾಕ್ಟಸ್‌ಗಳಲ್ಲಿ ಇಂಥ ತಕರಾರು ಇಷ್ಟೊಂದು ಇರುವುದಕ್ಕೆ ಒಂದು ಕಾರಣ ಸಸ್ಯಸಂಗ್ರಹಾಲಯಗಳಲ್ಲೇ ಇದೆ. ಬೇರೆ ಗಿಡಗಳನ್ನು ಕಾಗದದ ನಡುವೆ ಒತ್ತಿ ಒಣಗಿಸಿದರೆ ನೂರು ವರ್ಷಗಳ ನಂತರವೂ ಲಕ್ಷಣ ತಿಳಿಯುತ್ತದೆ. ನೀರು ತುಂಬಿದ ಪ್ಯಾಡನ್ನು ಒಣಗಿಸುವುದು ಸುಲಭವಲ್ಲ: ಸೀಳಿ, ಒಳಗಿನ ತಿರುಳು ತೆಗೆದು ಒಣಗಿಸಬೇಕು, ಮುಳ್ಳುಗಳ ದೆಸೆಯಿಂದ ಅನೇಕ ಸಂಗ್ರಹಕಾರರು ಆ ಗೋಜಿಗೇ ಹೋಗುವುದಿಲ್ಲ. ಒಣಗಿಸಿದರೂ ಕೇಸರದಂಡದ ಗುಲಾಬಿ, ಶಲಾಕಾಗ್ರದ ಹಸಿರು ಉಳಿಯುವುದಿಲ್ಲ. ಆದ್ದರಿಂದ ಸ್ಥಳದಲ್ಲೇ ಬರೆದುಕೊಂಡ ಟಿಪ್ಪಣಿ ಇಲ್ಲದ ಮಾದರಿಗೆ ಅರ್ಧ ಬೆಲೆ ಮಾತ್ರ. ಬಯಲುಸೀಮೆಯವರು ಇಲ್ಲಿ ಬರೆದಿರುವ ಹತ್ತು ಸಾಲುಗಳಿಗೆ ಈ ದೃಷ್ಟಿಯಿಂದ ಬೆಲೆಯಿದೆ.

ಕೊಪ್ಪಳದ ಹೈನುಗಾರ:

ಚರ್ಚೆಯನ್ನು ಆಸಕ್ತಿಯಿಂದ ಓದುತ್ತಿದ್ದೇನೆ. ನಮ್ಮಲ್ಲಿ ಬೇಸಿಗೆಯ ಮೇವಿಗಾಗಿ ಮುಳ್ಳಿಲ್ಲದ ಕಳ್ಳಿಯನ್ನು ಒಂದಷ್ಟು ಜಾಗದಲ್ಲಿ ನೆಟ್ಟಿದ್ದೇವೆ. ಪಕ್ಕದ ಬೇಲಿಯಲ್ಲಿ ಬಯಲುಸೀಮೆಯವರು ಹೇಳಿದಂಥದ್ದೇ ಬಿಳಿ ಹತ್ತಿ ಹುಳು ಇದೆ. ರೈತನ ದೃಷ್ಟಿಯಿಂದ ಕೇಳುತ್ತೇನೆ: ಹೂವಿನ ಒಳಗಿನ ದಂಡದ ಬಣ್ಣ ನೋಡಿ ಜಾತಿ ಹೇಳುವುದರಿಂದ ಹೊಲದಲ್ಲಿ ಏನಾದರೂ ವ್ಯತ್ಯಾಸವಾಗುತ್ತದೆಯೇ? ಅಥವಾ ಇದು ಓದಿದವರ ಆಸಕ್ತಿಗೆ ಮಾತ್ರ ಸಂಬಂಧಿಸಿದ್ದೇ?

ಕಡತಪ್ರಿಯ:

ಹೈನುಗಾರರ ಪ್ರಶ್ನೆ ನ್ಯಾಯವಾದದ್ದು. ಅದಕ್ಕೆ ಉತ್ತರ ದಕ್ಷಿಣ ಭಾರತದ ಚರಿತ್ರೆಯಲ್ಲೇ ಇದೆ, ಮತ್ತು ಪಾಪಾಸುಕಳ್ಳಿಯನ್ನು ಒಂದೇ ಗಿಡವೆಂದು ಎಣಿಸುವವರೆಲ್ಲರೂ ಇದನ್ನು ತಿಳಿದಿರಬೇಕೆಂದು ನಾನು ಬಯಸುತ್ತೇನೆ.

ಆ ಬಿಳಿ ಹತ್ತಿಯೊಳಗೆ ಇರುವುದು ಕೊಚಿನಿಯಲ್ ಹುಳು. ಅದರ ಮೈಯಲ್ಲಿರುವ ಕಾರ್ಮಿನಿಕ್ ಆಮ್ಲವೇ ನೀವು ಕಂಡ ಕೆಂಪು ರಸ. ಹದಿನೆಂಟನೆಯ ಶತಮಾನದಲ್ಲಿ ಬಟ್ಟೆಗೆ ಹಾಕುವ ಒಳ್ಳೆಯ ಕೆಂಪು ಬಣ್ಣ ಈ ಹುಳುವಿನಿಂದ ಬರುತ್ತಿತ್ತು, ಅದರ ವ್ಯಾಪಾರ ಮೆಕ್ಸಿಕೊವನ್ನು ಆಳುತ್ತಿದ್ದ ಸ್ಪೇನಿನ ಹಿಡಿತದಲ್ಲಿತ್ತು. ಈಸ್ಟ್ ಇಂಡಿಯಾ ಕಂಪನಿಗೆ ಅದನ್ನು ಭಾರತದಲ್ಲಿ ಬೆಳೆಸುವ ಆಸೆ. ಮದರಾಸಿನಲ್ಲಿ ಕಂಪನಿಯ ವೈದ್ಯರಾಗಿದ್ದ ಜೇಮ್ಸ್ ಆಂಡರ್ಸನ್ ಇದರ ಬೆನ್ನುಹತ್ತಿದರು. ಸೈದಾಪೇಟೆಯಲ್ಲಿ ಕಳ್ಳಿಯ ತೋಟವೇ ಎದ್ದಿತು. 1795ರಲ್ಲಿ ಬ್ರೆಜಿಲಿನಿಂದ ಬಂಗಾಳಕ್ಕೆ ಹುಳು ಬಂದಿತು. ಆದರೆ ಬಂದದ್ದು ಮೆಕ್ಸಿಕೊದಲ್ಲಿ ಸಾಕುತ್ತಿದ್ದ ಡ್ಯಾಕ್ಟಿಲೋಪಿಯಸ್ ಕೋಕಸ್ ಅಲ್ಲ. ಅದೇ ಕುಲದ, ಬಣ್ಣ ಕಡಿಮೆ ಕೊಡುವ ಕಾಡು ಜಾತಿ, ಸಿಲೋನಿಕಸ್.

ಆ ಹುಳು ಬಣ್ಣದ ಉದ್ಯಮವನ್ನು ಕಟ್ಟಲಿಲ್ಲ; ಕಳ್ಳಿಯನ್ನು ತಿಂದು ಮುಗಿಸಿತು. ಯಾವ ಕಳ್ಳಿಯನ್ನು? ಮೊನಕ್ಯಾಂತ ಎಂಬ ಜಾತಿಯನ್ನು ಮಾತ್ರ. ಆ ಜಾತಿಯೂ ಬ್ರೆಜಿಲ್, ಉರುಗ್ವೆ ಕಡೆಯದು, ಹುಳುವಿನ ತವರೂ ದಕ್ಷಿಣ ಅಮೆರಿಕವೇ. ಉತ್ತರದಲ್ಲಿ ಬೇಲಿಬೇಲಿಗಳೇ ಒಣಗಿದ್ದನ್ನು ಕಂಡು 1836 ರಿಂದ 1838ರ ನಡುವೆ ಅದನ್ನು ದಕ್ಷಿಣ ಭಾರತಕ್ಕೆ ತಂದು ಬಿಡಲಾಯಿತು. ಇಲ್ಲೂ ಮೊನಕ್ಯಾಂತ ಸೋತಿತು. 1860ರ ದಶಕದಲ್ಲಿ ಶ್ರೀಲಂಕಾಕ್ಕೂ ಅದೇ ಹುಳು ಹೋಯಿತು. ಒಂದು ಕಳೆಯನ್ನು ಅದರ ಕೀಟದಿಂದಲೇ ಹತೋಟಿಗೆ ತರುವ ವಿಧಾನದ ಜಗತ್ತಿನ ಮೊದಲ ಉದಾಹರಣೆಯೆಂದು ಕೀಟಶಾಸ್ತ್ರದ ಚರಿತ್ರೆಯಲ್ಲಿ ಇದನ್ನೇ ಹೇಳುತ್ತಾರೆ.

ಮೊನಕ್ಯಾಂತ ಹಿಂದೆ ಸರಿದರೂ ಡಿಲ್ಲೆನಿಯೈ ಮಾತ್ರ ಹೊಲ, ಗೋಮಾಳ, ಕೆರೆಯಂಗಳಗಳನ್ನು ಆಕ್ರಮಿಸುತ್ತಲೇ ಇತ್ತು, ಏಕೆಂದರೆ ಸಿಲೋನಿಕಸ್ ಹುಳುವಿಗೆ ಅದು ಆಹಾರವಾಗಲಿಲ್ಲ. ಕೊನೆಗೆ 1926ರಲ್ಲಿ ಶ್ರೀಲಂಕಾದಿಂದ ಮತ್ತೊಂದು ಹುಳುವನ್ನು, ಡ್ಯಾಕ್ಟಿಲೋಪಿಯಸ್ ಒಪನ್ಷಿಯೈಯನ್ನು, ದಕ್ಷಿಣ ಭಾರತಕ್ಕೆ ತಂದು ಬಿಟ್ಟರು. ಆಗ ಅದನ್ನೂ ಟೊಮೆಂಟೋಸಸ್ ಎಂಬ ಬೇರೆ ಹೆಸರಿನಲ್ಲಿ ದಾಖಲಿಸಿದ್ದರು ಎಂಬುದು ಗಮನಿಸಬೇಕಾದ ಸಂಗತಿ: ಗಿಡವನ್ನು ಗುರುತಿಸುವಷ್ಟೇ ಕಷ್ಟ ಹುಳುವನ್ನು ಗುರುತಿಸುವುದರಲ್ಲೂ ಇತ್ತು. ಈ ಎರಡನೆಯ ಹುಳು ಡಿಲ್ಲೆನಿಯೈಯನ್ನೂ ಎಲೇಷಿಯರನ್ನೂ ಹಿಡಿಯಿತು. ಕೆಲವೇ ವರ್ಷಗಳಲ್ಲಿ ದೊಡ್ಡ ದೊಡ್ಡ ಪೊದೆಗಳು ಕುಸಿದು, ಭೂಮಿ ಮತ್ತೆ ಉಳುಮೆಗೆ ಬಂದಿತು. ನಮ್ಮ ಬಯಲುಸೀಮೆಯಲ್ಲಿ ಇಂದು ಪಾಪಾಸುಕಳ್ಳಿ ಬೇಲಿಗೆ ಸೀಮಿತವಾಗಿ ಉಳಿದಿರುವುದಕ್ಕೆ ಮುಖ್ಯ ಕಾರಣ ಈ ಹುಳು.

ನಾವು ಒಂದೇ ಎಂದ ಗಿಡಗಳನ್ನು ಹುಳು ಎಂದೂ ಒಂದೇ ಎಂದು ಎಣಿಸಲಿಲ್ಲ. ಮೊನಕ್ಯಾಂತವನ್ನು ತಿಂದ ಹುಳು ಡಿಲ್ಲೆನಿಯೈಯನ್ನೂ ತಿನ್ನುತ್ತದೆ ಎಂದು ಕಾದು ಕುಳಿತಿದ್ದರೆ ಇನ್ನೊಂದು ಶತಮಾನ ಕಳೆಯುತ್ತಿತ್ತು.

ಬ್ರಿಸ್ಬೇನ್ ಕನ್ನಡಿಗ:

ಕಡತಪ್ರಿಯ ಅವರ ಬರಹ ಓದಿ ಇಲ್ಲಿಯ ಸಂಗತಿಯನ್ನು ಹೇಳಬೇಕೆನಿಸಿತು. ನಾನಿರುವ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಸ್ಟ್ರಿಕ್ಟಾ ಹಬ್ಬಿದ ರೀತಿ ಭಯಾನಕವಾಗಿತ್ತು. ಕ್ವೀನ್ಸ್‌ಲ್ಯಾಂಡ್ ಮತ್ತು ನ್ಯೂ ಸೌತ್ ವೇಲ್ಸ್ ಸೇರಿ ಸುಮಾರು 2.4 ಕೋಟಿ ಹೆಕ್ಟೇರ್ ಭೂಮಿ ಕಳ್ಳಿಯ ಪಾಲಾಗಿತ್ತು. 1925ರಲ್ಲಿ ಅರ್ಜೆಂಟೀನಾದಿಂದ ತಂದ ಕ್ಯಾಕ್ಟೋಬ್ಲಾಸ್ಟಿಸ್ ಎಂಬ ಪತಂಗದ ಮರಿಹುಳುಗಳು ಪ್ಯಾಡಿನೊಳಗೆ ಹೊಕ್ಕು ಅದನ್ನು ಒಳಗಿನಿಂದ ತಿಂದು ಬರಿದು ಮಾಡಿದವು. ಆ ಪತಂಗದ ಹೆಸರಿನಲ್ಲಿ ಬೂನಾರ್ಗಾ ಎಂಬ ಊರಿನ ರೈತರು ಸಭಾಭವನವನ್ನೇ ಕಟ್ಟಿಸಿದ್ದಾರೆ.

ಇಂದು ಈ ರಾಜ್ಯದಲ್ಲಿ ಒಪನ್ಷಿಯಾದ ಜಾತಿಗಳನ್ನು ಮಾರುವುದಾಗಲಿ ಇನ್ನೊಬ್ಬರಿಗೆ ಕೊಡುವುದಾಗಲಿ ನಿಷಿದ್ಧ. ಹಣ್ಣಿಗಾಗಿ ಬೆಳೆಸುವ ಫೈಕಸ್-ಇಂಡಿಕಾ ಒಂದಕ್ಕೆ ಮಾತ್ರ ವಿನಾಯಿತಿ. ಹೀಗಾಗಿ ಹಿತ್ತಿಲಲ್ಲಿ ಮುಳ್ಳು ಕಡಿಮೆಯಿರುವ ಒಂದು ಕಳ್ಳಿ ಇದ್ದರೆ ಅದು ಸ್ಟ್ರಿಕ್ಟಾವೇ, ಫೈಕಸ್-ಇಂಡಿಕಾವೇ ಎಂದು ತಿಳಿದಿರುವುದು ಇಲ್ಲಿ ಕಾನೂನಿನ ವಿಷಯ. ಸ್ಟ್ರಿಕ್ಟಾ ಸೊಂಟದೆತ್ತರದ ಪೊದೆ, ಹಣ್ಣು ಒಳಗೂ ಹೊರಗೂ ನೇರಳೆಗೆಂಪು, ಬುಡದ ಕಡೆಗೆ ಕಿರಿದಾಗುತ್ತದೆ. ಫೈಕಸ್-ಇಂಡಿಕಾ ಆಳೆತ್ತರವನ್ನು ಮೀರಿ ಮರವಾಗುತ್ತದೆ, ಒಂದೊಂದು ಪ್ಯಾಡು ಮೊಳದುದ್ದವೂ ಇರುತ್ತದೆ, ಹಣ್ಣು ಕೊಳವೆಯಾಕಾರದ್ದು, ತಳಿಗೆ ತಕ್ಕಂತೆ ಹಸಿರು, ಹಳದಿ, ಕಿತ್ತಳೆ, ಕೆಂಪು ಯಾವ ಬಣ್ಣವಾದರೂ ಆಗಬಹುದು.

ಸಸ್ಯಪಾಠ:

ಹೈನುಗಾರರೇ, ನೀವು ನೆಟ್ಟಿರುವ ಮುಳ್ಳಿಲ್ಲದ ಮೇವಿನ ಕಳ್ಳಿ ಬಹುಮಟ್ಟಿಗೆ ಈ ಫೈಕಸ್-ಇಂಡಿಕಾವೇ ಇರಬೇಕು. ಇದು ಮೆಕ್ಸಿಕೊದಲ್ಲಿ ಜನ ಆರಿಸಿ ಆರಿಸಿ ಬೆಳೆಸಿದ ಕೃಷಿಯ ಗಿಡ. ಬೇಲಿಯ ಹುಳು ಮೇವಿನ ಗಿಡಕ್ಕೂ ಬಂದೀತೆಂಬ ಆತಂಕ ನಿಮಗಿದ್ದರೆ ಅದಕ್ಕೆ ಆಧಾರವಿದೆ. ಮೊರಾಕ್ಕೊದಲ್ಲಿ 2014ರಲ್ಲಿ ಒಪನ್ಷಿಯೈ ಹುಳು ಕಾಣಿಸಿಕೊಂಡ ನಂತರ ಅಲ್ಲಿನ ಫೈಕಸ್-ಇಂಡಿಕಾ ತೋಟಗಳು ಭಾರೀ ಪ್ರಮಾಣದಲ್ಲಿ ನಾಶವಾದವು. ಆದರೆ ಈ ಒಂದು ಹುಳುವಿನಲ್ಲೇ ಬೇರೆ ಬೇರೆ ವಂಶಗಳಿವೆ ಎಂಬುದನ್ನು ದಕ್ಷಿಣ ಆಫ್ರಿಕಾದ ಸಂಶೋಧಕರು ತೋರಿಸಿದ್ದಾರೆ: ಒಂದು ವಂಶ ಸ್ಟ್ರಿಕ್ಟಾದ ಮೇಲೆ ಸೊಗಸಾಗಿ ಬೆಳೆದು ಫೈಕಸ್-ಇಂಡಿಕಾದ ಮೇಲೆ ಸೊರಗುತ್ತದೆ, ಇನ್ನೊಂದರದ್ದು ಅದಕ್ಕೆ ತಿರುಗುಮುರುಗು. ಕೆನ್ಯಾದ ಲೈಕಿಪಿಯಾದಲ್ಲೂ ಸ್ಟ್ರಿಕ್ಟಾವನ್ನು ಕೊಲ್ಲುವ ಹುಳುವನ್ನು ಬಿಟ್ಟಾಗ ಪಕ್ಕದಲ್ಲೇ ಇದ್ದ ಎಂಗಲ್‌ಮನ್ನಿಯೈ ಜಾತಿ ಉಳಿದುಕೊಂಡಿತು.

ನಿಮ್ಮ ಬೇಲಿಯ ಹುಳು ಯಾವ ವಂಶದ್ದೆಂದು ಕಣ್ಣಿನಿಂದ ನೋಡಿ ಹೇಳಲಾಗದು. ಆದ್ದರಿಂದ ಬೇಲಿಯ ಕಡೆಯ ಸಾಲಿನ ಗಿಡಗಳನ್ನು ಆಗಾಗ ನೋಡುತ್ತಿರಿ, ವಿಶೇಷವಾಗಿ ಪ್ಯಾಡುಗಳು ಸೇರುವ ಸಂದುಗಳನ್ನು. ಹತ್ತಿಯಂಥ ಚುಕ್ಕೆ ಕಂಡೊಡನೆ ಗಟ್ಟಿ ಬ್ರಷ್ಷಿನಿಂದ ಉಜ್ಜಿ ಸಾಬೂನುನೀರಿನಿಂದ ತೊಳೆದುಬಿಡಿ. ಹೆಚ್ಚು ಹತ್ತಿದ್ದರೆ ಆ ಪ್ಯಾಡನ್ನೇ ಕೊಯ್ದು ಹೂತುಹಾಕಿ. ಬೇಲಿಯಿಂದ ಮೇವಿನ ಸಾಲಿಗೆ ತುಂಡುಗಳನ್ನು ತಂದು ನೆಡಬೇಡಿ.

ಬಯಲುಸೀಮೆ:

ಮೂರನೆಯ ಗಿಡವೊಂದರ ವಿವರ ಕೊಡುತ್ತೇನೆ. ನಮ್ಮೂರ ಕೆರೆ ಏರಿಯ ಕೆಳಗಿನ ಗುಡಿಯ ಹಿಂದೆ ಒಂದು ಕಳ್ಳಿ ಇದೆ. ಬುಡದಲ್ಲಿ ದುಂಡನೆಯ ಕಾಂಡವಿದ್ದು ಮರದಂತೆ ನಿಂತಿದೆ. ಪ್ಯಾಡುಗಳು ತೆಳ್ಳಗೆ, ಎಣ್ಣೆ ಸವರಿದಂತೆ ಹೊಳೆಯುವ ತಿಳಿಹಸಿರು, ಬುಡದ ಕಡೆಗೆ ಸಪೂರವಾಗಿ ತುದಿಯಲ್ಲಿ ಜೋತುಬಿದ್ದಿವೆ. ಬೇಲಿಯಲ್ಲಿ ಅಷ್ಟು ಹುಳು ಇದ್ದರೂ ಇದರ ಮೇಲೆ ಒಂದೂ ಇಲ್ಲ. ಕಡತಪ್ರಿಯರು ಹೇಳಿದ ಮೊನಕ್ಯಾಂತ ಇದೇ ಆಗಿರಬಹುದೇ? ಹೂವು ಇನ್ನೂ ಮೊಗ್ಗಿನಲ್ಲಿದೆ. ಹೋದ ವರ್ಷದ ಕಾಯಿಗಳು ಉದುರದೆ ಗಿಡದಲ್ಲೇ ಉಳಿದಿದ್ದು, ಒಂದು ಕಾಯಿಯ ಮೈಯಿಂದಲೇ ಹೊಸ ಮೊಗ್ಗು ಹೊರಟಿದೆ.

ತಾರಸಿ ತೋಟ:

ಪ್ಯಾಡಿನ ವರ್ಣನೆ ಮೊನಕ್ಯಾಂತಕ್ಕೆ ಹೊಂದುತ್ತದೆ. ನರ್ಸರಿಗಳಲ್ಲಿ ಸಿಗುವ, ಹಸಿರಿನಲ್ಲಿ ಬಿಳಿ ಮತ್ತು ಗುಲಾಬಿ ಮಚ್ಚೆಗಳಿರುವ ಕುಂಡದ ಕಳ್ಳಿ ಈ ಜಾತಿಯದೇ ವಿಕೃತ ರೂಪ. ಆದರೆ ನನಗೊಂದು ಸಂಶಯ. ಪುಸ್ತಕಗಳಲ್ಲಿ ಇದಕ್ಕೆ ಕಣ್ಣಿಗೊಂದೇ ಮುಳ್ಳು ಎಂದಿರುತ್ತದೆ. ನಾನು ನೋಡಿದ ದೊಡ್ಡ ಗಿಡಗಳ ಬುಡದಲ್ಲಿ ಮುಳ್ಳುಗಳು ಗೊಂಚಲುಗೊಂಚಲಾಗಿದ್ದವು. ಲೆಕ್ಕವೇ ತಪ್ಪುವುದಾದರೆ ಗುರುತಿಗೆ ಅದನ್ನು ಇಟ್ಟುಕೊಳ್ಳುವುದು ಹೇಗೆ?

ಸಸ್ಯಪಾಠ:

ಒಳ್ಳೆಯ ಆಕ್ಷೇಪಣೆ, ಮೇಡಂ. ಕಣ್ಣಿಗೆ ಒಂದೋ ಎರಡೋ ಮುಳ್ಳು, ಕೆಲವೊಮ್ಮೆ ಮೂರು, ಎಂಬ ಮಾತು ಪ್ಯಾಡುಗಳಿಗೆ ಅನ್ವಯಿಸುತ್ತದೆ. ಬುಡದ ಕಾಂಡದ ಕಣ್ಣುಗಳು ವರ್ಷವರ್ಷವೂ ಹೊಸ ಮುಳ್ಳುಗಳನ್ನು ಹೊರಡಿಸುತ್ತಾ ಹೋಗುವುದರಿಂದ ಅಲ್ಲಿ ಹತ್ತು ಹನ್ನೆರಡು ಮುಳ್ಳುಗಳು ಇರುವುದೂ ಸಹಜ. ಮುಳ್ಳುಗಳ ಲೆಕ್ಕವನ್ನು ಕೊಡುವ ಯಾವ ಪುಸ್ತಕವನ್ನಾದರೂ ಓದುವಾಗ ಅದು ಗಿಡದ ಯಾವ ಭಾಗದ ಲೆಕ್ಕ ಎಂದು ಮೊದಲು ಕೇಳಿಕೊಳ್ಳಬೇಕು. ನೀವು ಮೊದಲೇ ಹೇಳಿದ, ಹೋದ ವರ್ಷದ ಪ್ಯಾಡಿನಿಂದ ಮುಳ್ಳು ತೆಗೆಯಬೇಕೆಂಬ ನಿಯಮ ಇಲ್ಲಿಯೂ ಸಲ್ಲುತ್ತದೆ.

ಕಾಯಿಯಿಂದ ಮೊಗ್ಗು ಹೊರಟದ್ದು ವಿಚಿತ್ರವೆನಿಸಬಹುದು. ಒಪನ್ಷಿಯಾದಲ್ಲಿ ಅಂಡಾಶಯ ಹೂವಿನ ಕೆಳಗೆ ಕಾಂಡದ ಅಂಗಾಂಶದೊಳಗೆ ಹುದುಗಿರುತ್ತದೆ. ಆದ್ದರಿಂದ ನಾವು ಹಣ್ಣೆಂದು ತಿನ್ನುವುದರ ಹೊರಭಾಗ ಕಾಂಡವೇ, ಅದರ ಮೇಲಿನ ಕಣ್ಣುಗಳೂ ಕಾಂಡದ ಕಣ್ಣುಗಳೇ. ಮೊನಕ್ಯಾಂತದಲ್ಲಿ ಆ ಕಣ್ಣುಗಳಿಂದ ಹೊಸ ಮೊಗ್ಗು, ಹೊಸ ಪ್ಯಾಡು ಹೊರಡುವುದುಂಟು. ಈ ಲಕ್ಷಣ ನಿಮ್ಮ ಊಹೆಯ ಪರವಾಗಿದೆ.

ಹುಳು ಇಲ್ಲದಿರುವುದನ್ನು ಮಾತ್ರ ಸಾಕ್ಷಿಯಾಗಿ ತೆಗೆದುಕೊಳ್ಳಬೇಡಿ. ಒಂಟಿ ಗಿಡಕ್ಕೆ ಹುಳು ತಲುಪದೆಯೇ ಇರಬಹುದು; ಎಳೆಯ ಹುಳುಗಳು ಗಾಳಿಯಲ್ಲಿ ತೇಲಿ ಹೋಗುವಂಥವು, ಗುಡಿಯ ಗೋಡೆ ಅಡ್ಡವಿದ್ದರೂ ಸಾಕು. ಮೊಗ್ಗು ಅರಳಲಿ. ಎಸಳು ಹಳದಿಯಾಗಿದ್ದು ಹೊರ ಎಸಳುಗಳ ಬೆನ್ನಿನಲ್ಲಿ ಕೆಂಪು ಪಟ್ಟೆ ಇದ್ದರೆ, ಕೇಸರದಂಡ ಹಸಿರು ಛಾಯೆಯದಾಗಿದ್ದು ಶಲಾಕಾಗ್ರ ಆರರಿಂದ ಹತ್ತು ಕೆನೆ ಬಣ್ಣದ ಹಾಲೆಗಳಾಗಿ ಸೀಳಿದ್ದರೆ ಅದು ಮೊನಕ್ಯಾಂತ. ಎಲೇಷಿಯರ್‌ನ ಹೊರ ಎಸಳಿನಲ್ಲೂ ಕೆಂಪು ಗೀರು ಇರುವುದರಿಂದ ಆ ಗೀರನ್ನು ನಂಬದೆ ದಂಡ ಮತ್ತು ಶಲಾಕಾಗ್ರವನ್ನೇ ನೋಡಬೇಕು: ಮೊನಕ್ಯಾಂತದ ದಂಡ ಹಸಿರು, ಎಲೇಷಿಯರ್‌ನದು ಗುಲಾಬಿ; ಮೊನಕ್ಯಾಂತದ ಶಲಾಕಾಗ್ರ ಕೆನೆ, ಎಲೇಷಿಯರ್‌ನದು ಹಸಿರು. ಹೂವು ಅರಳಿಯೂ ಅಗಲವಾಗಿ ಬಿಚ್ಚಿಕೊಳ್ಳದೆ, ಕಡುಕೆಂಪು ಎಸಳುಗಳು ನೆಟ್ಟಗೆ ನಿಂತು ಕೇಸರಗಳು ಅವುಗಳಿಂದ ಹೊರಚಾಚಿದ್ದರೆ ಅದು ಕೊಚಿನಿಲ್ಲಿಫೆರಾ. ಅಮೆರಿಕದ ಝೇಂಕಾರದ ಹಕ್ಕಿಗಳಿಗೆ ಒಗ್ಗಿಕೊಂಡ ಹೂವು ಅದು. ಅದರ ಪ್ಯಾಡೂ ಕಿರಿದಾಗಿ ಉದ್ದವಾಗಿರುತ್ತದೆ, ಮುಳ್ಳು ಇಲ್ಲವೇ ಇಲ್ಲವೆನ್ನಬಹುದು.

ಬಯಲುಸೀಮೆ:

ಇಂದು ಬೆಳಿಗ್ಗೆ ಗುಡಿಯ ಹಿಂದಿನ ಗಿಡದಲ್ಲಿ ಎರಡು ಹೂವು ಅರಳಿದ್ದವು. ಎಸಳು ಹಳದಿ, ಹೊರಗಿನವುಗಳ ಬೆನ್ನಿಗೆ ಅಗಲವಾದ ಕೆಂಪು ಪಟ್ಟೆ. ಕೇಸರದಂಡ ತಿಳಿಹಸಿರು. ಶಲಾಕಾಗ್ರದ ಹಾಲೆಗಳು ಎಂಟು, ಕೆನೆ ಬಣ್ಣದವು. ಪ್ಯಾಡಿನ ಕಣ್ಣುಗಳಲ್ಲಿ ಬೂದುಬಣ್ಣದ, ತುದಿ ಮಾತ್ರ ಕಂದಾಗಿರುವ ಒಂದೊಂದೇ ಮುಳ್ಳು. ಬುಡದ ಕಾಂಡದಲ್ಲಿ ಗೊಂಚಲು. ಹೂವಿನ ಒಳಗು, ಪ್ಯಾಡು, ಕಾಂಡ ಮೂರನ್ನೂ ಬೆಳಗಿನ ಬೆಳಕಿನಲ್ಲಿ ಬೇರೆ ಬೇರೆಯಾಗಿ ಫೋಟೊ ತೆಗೆದಿದ್ದೇನೆ.

ಕಡತಪ್ರಿಯ:

ಹಾಗಾದರೆ ಮೊನಕ್ಯಾಂತವೇ. ಎರಡು ಶತಮಾನದ ಹಿಂದೆ ಬಂದ ಹುಳುವಿನಿಂದ ಬೇಲಿಬೇಲಿಗಳೇ ಮಾಯವಾದ ಜಾತಿ ನಿಮ್ಮ ಊರಲ್ಲಿ ಒಂದು ಗಿಡವಾಗಿಯಾದರೂ ಉಳಿದಿದೆ ಎಂದಾಯಿತು. ಗುಡಿಯ ಅಂಗಳ ವಿಸ್ತರಿಸುವಾಗ ಅದನ್ನು ಕಡಿಯದಂತೆ ಊರಿನವರಿಗೆ ಹೇಳಿ; ಆದರೆ ಅದರ ತುಂಡುಗಳನ್ನು ಹೊಲದ ಕಡೆಗೆ ಹರಡಲೂ ಬಿಡಬೇಡಿ. ಗುಡಿಯ ಸುತ್ತಮುತ್ತ ಅದೇ ಹೊಳಪಿನ ಪ್ಯಾಡಿನ ಬೇರೆ ಗಿಡಗಳಿವೆಯೇ, ಅವುಗಳ ಮೇಲೆ ಬಿಳಿ ಹತ್ತಿ ಇದೆಯೇ ಎಂಬುದನ್ನು ನೋಡಿ ಬರೆದರೆ, ಆ ಹಳೆಯ ಸಿಲೋನಿಕಸ್ ಹುಳುವನ್ನು ನಿಮ್ಮ ಕಡೆ ಹುಡುಕಲು ಅಲ್ಲಿಂದಲೇ ಆರಂಭಿಸಬಹುದು.